ಸವೆತದ ಭಯ ಮತ್ತು ಬಳಕೆಯ ಧರ್ಮ

ಬಳಸಿದಷ್ಟೂ ಕ್ಷೀಣಿಸುವ ವಸ್ತುವನ್ನು ಮನುಷ್ಯನು ಹೇಗೆ ಬಳಸಬೇಕು ಎಂಬುದು ಭಾರತೀಯ ದರ್ಶನಗಳು ಬಹು ಹಿಂದೆಯೇ ಕೈಗೆತ್ತಿಕೊಂಡ ಪ್ರಶ್ನೆ. ದೇಹ, ಧನ, ಆಯುಷ್ಯಗಳ ಸಂದರ್ಭದಲ್ಲಿ ಹೆಚ್ಚಾಗಿ ಚರ್ಚೆಗೆ ಬಂದಿರುವ ಈ ಪ್ರಶ್ನೆ ಇಂದು ವಿಡಿಯೊ ಗೇಮ್ ಕನ್ಸೋಲಿನೊಳಗಿನ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನದ ಸುತ್ತ ಮತ್ತೊಮ್ಮೆ, ಅದೂ ಬಹಳ ಖಚಿತವಾದ ರೂಪದಲ್ಲಿ, ಎದ್ದು ನಿಂತಿದೆ. ಎಸ್‌ಎಸ್‌ಡಿಯ ಮೇಲೆ ಎಷ್ಟು ದತ್ತಾಂಶವನ್ನು ಬರೆಯಬಹುದು ಎಂಬುದಕ್ಕೆ ಮಿತಿಯಿದೆ, ಆ ಮಿತಿಯನ್ನು ತಯಾರಕರೇ ಅಂಕಿಗಳಲ್ಲಿ ಪ್ರಕಟಿಸುತ್ತಾರೆ. ತನ್ನ ಕ್ಷಯದ ಪ್ರಮಾಣವನ್ನು ಮೊದಲೇ ಹೇಳಿಕೊಂಡು ಮನೆಗೆ ಬರುವ ವಸ್ತುಗಳು ವಿರಳವಾದ್ದರಿಂದ, ಇದನ್ನು ಕೊಂಡವರಲ್ಲಿ ಹಲವರು ಒಂದು ಆಟವನ್ನು ಅಳಿಸಿ ಮತ್ತೊಂದನ್ನು ಹಾಕಿಕೊಳ್ಳುವುದಕ್ಕೂ ಹಿಂಜರಿಯುತ್ತಾರೆ. ಈ ಭಯಕ್ಕೆ ಆಧಾರವೆಷ್ಟು ಎಂಬುದು ಭೌತವಿಜ್ಞಾನಕ್ಕೆ ಸೇರಿದ ಪ್ರಶ್ನೆ. ಆಧಾರವಿರುವಷ್ಟು ಭಾಗಕ್ಕೆ ಸರಿಯಾದ ನಡೆ ಯಾವುದು ಎಂಬುದು ಧರ್ಮಜಿಜ್ಞಾಸೆಗೆ ಸೇರಿದ್ದು. ಎರಡನ್ನೂ ಕಲಸಿದರೆ ಉತ್ತರ ಸಿಗುವುದಿಲ್ಲವಾದ್ದರಿಂದ ಅವನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

ಮೊದಲು ವಸ್ತುವಿನ ಸ್ವರೂಪ. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇತ್ತು. 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 5ರಲ್ಲಿ ಅದರ ಜಾಗಕ್ಕೆ ಚಲಿಸುವ ಭಾಗಗಳಿಲ್ಲದ, ಕೇವಲ ಚಿಪ್ಪುಗಳಿಂದಾದ 825 ಗಿಗಾಬೈಟ್‌ನ ಎಸ್‌ಎಸ್‌ಡಿ ಬಂದಿತು. ಇಂದಿನ ದೊಡ್ಡ ಆಟಗಳಲ್ಲಿ ಕೆಲವು 100 ಗಿಗಾಬೈಟನ್ನು ಮೀರುವುದರಿಂದ ಈ ಜಾಗ ಬೇಗ ತುಂಬುತ್ತದೆ. 2021ರ ಸೆಪ್ಟೆಂಬರಿನ ತಂತ್ರಾಂಶ ಪರಿಷ್ಕರಣೆಯ ನಂತರ ಇದೇ ಕನ್ಸೋಲಿನ ಎಂ.2 ಎಂಬ ಕಿಂಡಿಯಲ್ಲಿ ಇನ್ನೊಂದು ಎಸ್‌ಎಸ್‌ಡಿಯನ್ನು ಬಳಕೆದಾರರೇ ಕೂರಿಸಿಕೊಳ್ಳುವ ಅವಕಾಶ ದೊರೆಯಿತು. ಅದಕ್ಕೆ ಸೆಕೆಂಡಿಗೆ 5,500 ಮೆಗಾಬೈಟ್ ಅಥವಾ ಅದಕ್ಕಿಂತ ಹೆಚ್ಚಿನ ಓದುವ ವೇಗ ಇರಬೇಕೆಂದು ಸೋನಿ ಶಿಫಾರಸು ಮಾಡುತ್ತದೆ, ಬಿಸಿಯನ್ನು ಹೊರಚೆಲ್ಲಲು ಹೀಟ್‌ಸಿಂಕ್ ಎಂಬ ಲೋಹದ ಹೊದಿಕೆ ಇರಬೇಕೆಂದೂ ವಿಧಿಸುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಇದೇ ಕೆಲಸಕ್ಕೆ ಹಿಂಬದಿಯಿಂದ ತೂರಿಸುವ ಕಾರ್ಡ್ ಇದೆ.

ಎಸ್‌ಎಸ್‌ಡಿಯ ಮೂಲ ಘಟಕ ಫ್ಲ್ಯಾಶ್ ಮೆಮೊರಿಯ ಕೋಶ. 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ ಅವರು ನಿರೋಧಕ ಪದರದ ನಡುವೆ ವಿದ್ಯುದಾವೇಶವನ್ನು ಬಂಧಿಸಿಡುವ ಟ್ರಾನ್ಸಿಸ್ಟರನ್ನು ರೂಪಿಸಿದರು. ಆ ತತ್ತ್ವವನ್ನು ಬೆಳೆಸಿ 1980ರ ದಶಕದಲ್ಲಿ ತೋಶಿಬಾದ ಫುಜಿಯೊ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು ಕಟ್ಟಿದರು. ಕೋಶದಲ್ಲಿ ಎಷ್ಟು ಎಲೆಕ್ಟ್ರಾನುಗಳು ಸೆರೆಯಾಗಿವೆ ಎಂಬುದರ ಮೇಲೆ ಅದು ಹೊತ್ತಿರುವ ಮಾಹಿತಿ ನಿರ್ಧಾರವಾಗುತ್ತದೆ. ಬರೆಯುವಾಗಲೂ ಅಳಿಸುವಾಗಲೂ ಹೆಚ್ಚಿನ ವೋಲ್ಟೇಜ್ ಹಾಯಿಸಿ ಎಲೆಕ್ಟ್ರಾನುಗಳನ್ನು ಆ ನಿರೋಧಕ ಪದರದ ಮೂಲಕವೇ ದಾಟಿಸಬೇಕಾಗುತ್ತದೆ, ಪ್ರತಿ ದಾಟುವಿಕೆಯೂ ಪದರದಲ್ಲಿ ಸೂಕ್ಷ್ಮವಾದ ದೋಷಗಳನ್ನು ಉಳಿಸುತ್ತದೆ, ಕೊನೆಗೆ ಪದರವು ಆವೇಶವನ್ನು ಹಿಡಿದಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೋಶವೊಂದಕ್ಕೆ ಒಂದೇ ಬಿಟ್ ಇಡುವ ಎಸ್‌ಎಲ್‌ಸಿ ವಿಧಾನದಲ್ಲಿ ಈ ಅಳಿಸು-ಬರೆ ಚಕ್ರವು ಸುಮಾರು 1 ಲಕ್ಷದವರೆಗೆ ನಡೆಯಬಲ್ಲದು. ಮೂರು ಬಿಟ್ ಇಡುವ ಟಿಎಲ್‌ಸಿಯಲ್ಲಿ ಅದು ಸುಮಾರು 1 ಸಾವಿರದಿಂದ 3 ಸಾವಿರಕ್ಕೆ ಇಳಿಯುತ್ತದೆ. ಬರೆದದ್ದನ್ನು ಓದುವುದರಿಂದ ಗಣನೀಯ ಸವೆತವಾಗುವುದಿಲ್ಲ, ಆಟ ಆಡುವುದೆಂದರೆ ಬಹುಪಾಲು ಓದುವುದೇ ಆಗಿದೆ.

ಒಟ್ಟು ತಾಳಿಕೆಯನ್ನು ಟಿಬಿಡಬ್ಲ್ಯು ಎಂಬ ಮಾನದಲ್ಲಿ, ಅಂದರೆ ಖಾತರಿಯ ವ್ಯಾಪ್ತಿಯೊಳಗೆ ಎಷ್ಟು ಟೆರಾಬೈಟ್ ಬರೆಯಬಹುದು ಎಂಬ ಲೆಕ್ಕದಲ್ಲಿ, ಹೇಳುವುದು ರೂಢಿ. ಪ್ಲೇಸ್ಟೇಷನ್ 5ರಲ್ಲಿ ಬಳಸಬಹುದಾದ ಸ್ಯಾಮ್‌ಸಂಗ್ 980 ಪ್ರೊ ಎಸ್‌ಎಸ್‌ಡಿಯ 1 ಟೆರಾಬೈಟ್ ಮಾದರಿಗೆ ಈ ಅಂಕಿ 600, ಖಾತರಿಯ ಅವಧಿ 5 ವರ್ಷ. 100 ಗಿಗಾಬೈಟ್‌ನ ಆಟವೊಂದನ್ನು ಹೊಸದಾಗಿ ಹಾಕಿದರೆ ಈ 600 ಟೆರಾಬೈಟ್‌ನಲ್ಲಿ 6,000ದ ಒಂದು ಭಾಗ ಮಾತ್ರ ವ್ಯಯವಾಗುತ್ತದೆ; ದಿನಕ್ಕೊಂದರಂತೆ ಅಂಥ ಆಟವನ್ನು ಹಾಕುತ್ತಾ ಹೋದರೂ ಮಿತಿ ಮುಟ್ಟಲು 16 ವರ್ಷ ಬೇಕು. ಆಟದ ಇತ್ತೀಚಿನ ದೃಶ್ಯಗಳನ್ನು ಹಿನ್ನೆಲೆಯಲ್ಲಿ ದಾಖಲಿಸುವ ಸೌಲಭ್ಯ, ಆಟವನ್ನು ನಡುವೆ ನಿಲ್ಲಿಸಿ ಸ್ಥಿತಿಯನ್ನು ಎಸ್‌ಎಸ್‌ಡಿಗೆ ಇಳಿಸಿಡುವ ಎಕ್ಸ್‌ಬಾಕ್ಸಿನ ಕ್ವಿಕ್ ರೆಸ್ಯೂಮ್ ಮೊದಲಾದವು ಈ ಲೆಕ್ಕಕ್ಕೆ ಇನ್ನಷ್ಟು ಬರಹವನ್ನು ಸೇರಿಸುತ್ತವೆಯಾದರೂ, ಸಾಮಾನ್ಯ ಆಟಗಾರನು ಖಾತರಿಯ ಅವಧಿಯೊಳಗೆ ಮಿತಿಯ ಸಮೀಪಕ್ಕೆ ಹೋಗುವ ಸಂಭವ ಕಡಿಮೆ. ಅಲ್ಲದೆ, ಎಸ್‌ಎಸ್‌ಡಿಯೊಳಗಿನ ನಿಯಂತ್ರಕ ಚಿಪ್ಪು ಒಂದೇ ಕೋಶಸಮೂಹದ ಮೇಲೆ ಪದೇ ಪದೇ ಬರೆಯದೆ, ಬರಹದ ಭಾರವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತದೆ. ಇದನ್ನು ವೇರ್ ಲೆವೆಲಿಂಗ್, ಅಂದರೆ ಸವೆತದ ಸಮೀಕರಣ, ಎನ್ನುತ್ತಾರೆ. ಹೀಗಾಗಿ ಮಿತಿ ಇರುವುದು ನಿಜ. ಆದರೆ ಮನಸ್ಸು ಅದನ್ನು ತಂದುಕೊಂಡಿರುವಷ್ಟು ಹತ್ತಿರದಲ್ಲಿ ಅದು ಇಲ್ಲ.

ಭಯವು ಲೆಕ್ಕಕ್ಕಿಂತ ದೊಡ್ಡದಾದರೆ ಅದರ ಬೇರು ವಸ್ತುವಿನಲ್ಲಿರದೆ ವಸ್ತುವಿನೊಂದಿಗಿನ ಸಂಬಂಧದಲ್ಲಿರುತ್ತದೆ. ಈ ಸಂಬಂಧವನ್ನು ವಿಶ್ಲೇಷಿಸಲು ಯೋಗದರ್ಶನವು ಒಂದು ನಿಖರವಾದ ಸಾಧನವನ್ನು ಒದಗಿಸುತ್ತದೆ. ಪತಂಜಲಿಯು ಐದು ಯಮಗಳಲ್ಲಿ ಕೊನೆಯದಾಗಿ ಅಪರಿಗ್ರಹವನ್ನು, ಅಂದರೆ ಅನಗತ್ಯವಾಗಿ ಕೂಡಿಡದಿರುವ ವ್ರತವನ್ನು, ಹೇಳುತ್ತಾನೆ. ಅದನ್ನು ವಿವರಿಸುವ ವ್ಯಾಸಭಾಷ್ಯವು ವಿಷಯವಸ್ತುಗಳಲ್ಲಿ ಐದು ದೋಷಗಳನ್ನು ಗುರುತಿಸುತ್ತದೆ: ಗಳಿಸುವ ಶ್ರಮವಾದ ಅರ್ಜನ, ಕಾಯುವ ಶ್ರಮವಾದ ರಕ್ಷಣ, ಸವೆದು ಹೋಗುವ ಕ್ಷಯ, ಅಂಟಿಕೊಳ್ಳುವ ಸಂಗ ಮತ್ತು ಇತರರಿಗೆ ಆಗುವ ಹಿಂಸೆ. ಈ ಐದರಲ್ಲಿ ಕ್ಷಯವೊಂದೇ ವಸ್ತುವಿನ ಸ್ವಭಾವ. ಉಳಿದ ನಾಲ್ಕೂ ಮನುಷ್ಯನ ನಡೆಗೆ ಸೇರಿದವು. ಎಸ್‌ಎಸ್‌ಡಿಯ ಸವೆತಕ್ಕೆ ಹೆದರುವವನು ತಾನು ತಡೆಯಲಾರದ ಕ್ಷಯವನ್ನೇ ನೋಡುತ್ತಾ, ತನ್ನ ಕೈಯಲ್ಲಿರುವ ಉಳಿದ ನಾಲ್ಕನ್ನು ವಿಚಾರಿಸದೆ ಬಿಡುತ್ತಾನೆ. ತಪ್ಪು ಇರುವುದು ಇಲ್ಲಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಮಿತಿಯಿರುವ ವಸ್ತುವನ್ನು ಮಿತವಾಗಿ ಬಳಸುವುದೇ ಧರ್ಮವಲ್ಲವೇ, ಬರಹವನ್ನು ಉಳಿಸಿದಷ್ಟೂ ಆಯುಷ್ಯ ಉಳಿಯುವಾಗ ಹಿಂಜರಿಕೆಯನ್ನು ಏಕೆ ದೂಷಿಸಬೇಕು ಎಂಬುದು ಅದರ ಸಾರ. ಈ ವಾದವು ಉಳಿತಾಯದ ಬೆಲೆಯನ್ನು ಅದರ ಫಲದಿಂದ ಅಳೆಯಬೇಕೆಂಬುದನ್ನು ಮರೆಯುತ್ತದೆ. ಉಳಿಸಿದ ನೀರನ್ನು ನಾಳೆ ಕುಡಿಯಬಹುದು, ಆದರೆ ಉಳಿಸಿದ ಬರಹವನ್ನು ಇನ್ನೊಂದು ಸಾಧನಕ್ಕೆ ವರ್ಗಾಯಿಸಲು ಬರುವುದಿಲ್ಲ. ಕನ್ಸೋಲೇ ಬಳಕೆಯಿಂದ ಹೊರಬಿದ್ದ ದಿನ, ಒಮ್ಮೆಯೂ ಬಳಕೆಯಾಗದೆ ಉಳಿದ ನೂರಾರು ಟೆರಾಬೈಟ್‌ನ ತಾಳಿಕೆ ಯಾರಿಗೂ ದೊರೆಯದೆ ಅದರೊಂದಿಗೇ ಮುಗಿಯುತ್ತದೆ.

ಇದಲ್ಲದೆ, ಬಳಸದಿರುವುದರಿಂದ ಕ್ಷಯ ನಿಲ್ಲುತ್ತದೆಂಬ ಗ್ರಹಿಕೆಯೂ ಸರಿಯಲ್ಲ. ಸೆರೆಯಾದ ಆವೇಶವು ಕಾಲಕ್ರಮದಲ್ಲಿ ತಾನಾಗಿಯೇ ಸೋರುತ್ತದೆ. ತಾಳಿಕೆಯನ್ನೆಲ್ಲ ಬಳಸಿ ಮುಗಿಸಿದ ಎಸ್‌ಎಸ್‌ಡಿ, ವಿದ್ಯುತ್ ಸಂಪರ್ಕವಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಳ್ಳಬೇಕೆಂಬುದು ಸಾಮಾನ್ಯ ಬಳಕೆಯ ಸಾಧನಗಳಿಗೆ ಜೆಡೆಕ್ ಸಂಸ್ಥೆ ವಿಧಿಸಿರುವ ಮಾನಕ. ಗೂಗಲ್‌ನ ದತ್ತಾಂಶ ಕೇಂದ್ರಗಳ ಎಸ್‌ಎಸ್‌ಡಿಗಳನ್ನು ಕುರಿತು ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಎಷ್ಟು ಬರೆಯಲಾಗಿದೆ ಎಂಬುದನ್ನು ಬದಿಗಿಟ್ಟು ನೋಡಿದರೂ ಸಾಧನದ ವಯಸ್ಸು ದೋಷಗಳೊಂದಿಗೆ ಸಂಬಂಧ ಹೊಂದಿರುವುದನ್ನು ತೋರಿಸಿತು. ಯೋಗಸೂತ್ರದ ಕೈವಲ್ಯಪಾದದ ಭಾಷ್ಯವು ಬಟ್ಟೆಯ ದೃಷ್ಟಾಂತದಿಂದ ಹೇಳುವುದೂ ಇದೇ ವಿಚಾರಕ್ಕೆ ಹತ್ತಿರವಾದದ್ದು: ಬಟ್ಟೆಯ ಹಳತನವು ಕೊನೆಯಲ್ಲಿ ಕಣ್ಣಿಗೆ ಬಿದ್ದರೂ ಅದು ಕ್ಷಣಕ್ಷಣದ ಪರಿಣಾಮಗಳ ಸರಣಿಯಿಂದ ಆದದ್ದೇ ಹೊರತು ಒಮ್ಮೆಗೇ ಬಂದದ್ದಲ್ಲ. ಬಳಕೆಯಿಂದ ದೂರವಿಟ್ಟ ವಸ್ತುವೂ ಕಾಲದಿಂದ ದೂರವಿರುವುದಿಲ್ಲ. ಆದ್ದರಿಂದ ಮನುಷ್ಯನ ಮುಂದಿರುವ ಆಯ್ಕೆ, ಸಫಲವಾದ ಕ್ಷಯ ಮತ್ತು ನಿಷ್ಫಲವಾದ ಕ್ಷಯ ಇವೆರಡರ ನಡುವಿನದು.

ಹಾಗಾದರೆ ರಕ್ಷಣೆಗೆ ಯೋಗ್ಯವಾದದ್ದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ನೂರಾರು ಗಿಗಾಬೈಟ್ ತುಂಬಿರುವ ಆಟಗಳನ್ನು ಡಿಸ್ಕಿನಿಂದಲೋ ಅಂತರ್ಜಾಲದಿಂದಲೋ ಸಾಮಾನ್ಯವಾಗಿ ಮತ್ತೆ ಹಾಕಿಕೊಳ್ಳಬಹುದು. ಮತ್ತೆ ದೊರೆಯದಿರುವುದು ಸೇವ್, ಅಂದರೆ ಆಟಗಾರನು ತಲುಪಿದ ಹಂತ ಮತ್ತು ಕಟ್ಟಿದ ಲೋಕದ ದಾಖಲೆ. ಅದು ಸಾಮಾನ್ಯವಾಗಿ ಆಟದ ಗಾತ್ರದ ಅತಿ ಸಣ್ಣ ಅಂಶವಾಗಿದ್ದರೂ, ಅದರಲ್ಲಿ ವ್ಯಕ್ತಿಯೊಬ್ಬನ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕಾಲ ಅಡಗಿರುತ್ತದೆ. 1980ರ ದಶಕದ ಕಾರ್ಟ್ರಿಜ್‌ಗಳಲ್ಲಿ ಈ ದಾಖಲೆಯನ್ನು ಜೀವಂತವಾಗಿಡಲು ಒಳಗೊಂದು ಪುಟ್ಟ ಬ್ಯಾಟರಿ ಇರುತ್ತಿತ್ತು, ಬ್ಯಾಟರಿ ಮುಗಿದಾಗ ದಾಖಲೆಯೂ ಮುಗಿಯುತ್ತಿತ್ತು. 1994ರ ಮೊದಲ ಪ್ಲೇಸ್ಟೇಷನ್‌ಗೆ ಬಂದ 128 ಕಿಲೊಬೈಟ್‌ನ ಮೆಮೊರಿ ಕಾರ್ಡ್ ಅದನ್ನು ಯಂತ್ರದಿಂದ ಬೇರ್ಪಡಿಸಿ ಕೈಗೆ ಕೊಟ್ಟಿತು. ಮಾಧ್ಯಮ ಮತ್ತೆ ಮತ್ತೆ ಬದಲಾದರೂ ಉಳಿಸಬೇಕೆಂಬ ಆಸೆ ಬದಲಾಗಿಲ್ಲ.

ಈ ಉಳಿಯುವಿಕೆಯ ಸ್ವರೂಪವೂ ವಿಚಾರಾರ್ಹ. ಸವೆತದ ಸಮೀಕರಣಕ್ಕಾಗಿ ನಿಯಂತ್ರಕವು ದತ್ತಾಂಶವನ್ನು ಒಂದು ಕೋಶಸಮೂಹದಿಂದ ಇನ್ನೊಂದಕ್ಕೆ ಆಗಾಗ ಸಾಗಿಸುತ್ತಾ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ತಿದ್ದಿಕೊಳ್ಳುತ್ತದೆ. ನಿನ್ನೆಯ ಎಲೆಕ್ಟ್ರಾನುಗಳು ಇಂದು ಇಲ್ಲದಿದ್ದರೂ ಆಟಗಾರನಿಗೆ ಕಾಣುವ ಸೇವ್ ಅದೇ ಆಗಿರುತ್ತದೆ. ಬೌದ್ಧರು ಇದನ್ನು ಕ್ಷಣಗಳ ಸಂತಾನವೆಂದು, ಅಂದರೆ ಒಂದರಿಂದ ಒಂದು ಹುಟ್ಟುತ್ತಾ ಸಾಗುವ ಪ್ರವಾಹವೆಂದು, ವಿವರಿಸಿಯಾರು. ಜೈನರು ದ್ರವ್ಯವು ಸ್ಥಿರವಾಗಿದ್ದು ಅದರ ಪರ್ಯಾಯಗಳು, ಅಂದರೆ ಅವಸ್ಥೆಗಳು, ಹುಟ್ಟಿ ಅಳಿಯುತ್ತವೆಂದು ವಿವರಿಸಿಯಾರು. ತತ್ತ್ವದಲ್ಲಿ ಈ ಎರಡು ದರ್ಶನಗಳು ಒಂದನ್ನೊಂದು ಖಂಡಿಸುತ್ತವೆಯಾದರೂ, ಒಂದು ಅವಸ್ಥೆಯನ್ನು ಹಿಡಿದು ನಿಲ್ಲಿಸುವುದರಿಂದ ಮುಂದುವರಿಕೆ ಸಿದ್ಧಿಸುವುದಿಲ್ಲ ಎಂಬಲ್ಲಿ ಎರಡೂ ಕೂಡುತ್ತವೆ. ಇದರ ವ್ಯಾವಹಾರಿಕ ಅರ್ಥ ಸರಳ: ಸೇವನ್ನು ಉಳಿಸಬೇಕೆನ್ನುವವನು ಕೋಶಗಳನ್ನು ಕಾಯುತ್ತಾ ಕೂರದೆ ಪ್ರತಿಯನ್ನು ಮಾಡಬೇಕು, ಏಕೆಂದರೆ ಅಂಕೀಯ ದಾಖಲೆಯ ನಿಷ್ಠಾವಂತ ಪ್ರತಿಯು ಮೂಲಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಕ್ಲೌಡ್ ಸಂಗ್ರಹಕ್ಕೆ ಕಳುಹಿಸುವುದು, ಯುಎಸ್‌ಬಿ ಡ್ರೈವಿಗೆ ಬ್ಯಾಕಪ್ ತೆಗೆದಿಡುವುದು ಮೊದಲಾದ ಮಾರ್ಗಗಳಿರುವಾಗ, ಬರಹವನ್ನು ಉಳಿಸುವ ಪ್ರಯಾಸವು ರಕ್ಷಣದ ದೋಷವನ್ನು ಹೊತ್ತೂ ರಕ್ಷಣದ ಫಲವನ್ನು ಕೊಡುವುದಿಲ್ಲ.

ಭಯವನ್ನು ಬಿಡಬೇಕೆಂಬುದು ಉಡಾಫೆಗೆ ಅನುಮತಿಯಲ್ಲ. ಐದನೆಯ ದೋಷವಾದ ಹಿಂಸೆ ಇಲ್ಲಿ ಮುಖ್ಯವಾಗುತ್ತದೆ. ಚಿಪ್ಪುಗಳ ತಯಾರಿಕೆ ಅತಿಶುದ್ಧ ನೀರನ್ನೂ ಅಪಾರ ವಿದ್ಯುತ್ತನ್ನೂ ಬೇಡುತ್ತದೆ, ಎಸೆದ ಸಾಧನವು ಇ-ತ್ಯಾಜ್ಯವಾಗಿ ನೆಲ ನೀರುಗಳನ್ನು ಸೇರುತ್ತದೆ. ಪ್ಲೇಸ್ಟೇಷನ್ 4ರ ಹಾರ್ಡ್ ಡಿಸ್ಕನ್ನು ಮಾಲೀಕರೇ ಬಿಚ್ಚಿ ಬದಲಿಸಬಹುದಾಗಿತ್ತು. ಪ್ಲೇಸ್ಟೇಷನ್ 5ರ ಒಳಗಿನ ಫ್ಲ್ಯಾಶ್ ಚಿಪ್ಪುಗಳನ್ನು ಮುಖ್ಯ ಫಲಕಕ್ಕೇ ಬೆಸೆದಿರುವುದರಿಂದ ಅವು ಕೆಟ್ಟರೆ ಯಂತ್ರದ ಉಳಿದ ಭಾಗಗಳು ಚೆನ್ನಾಗಿದ್ದರೂ ದುರಸ್ತಿ ಕಠಿಣವಾಗುತ್ತದೆ. ಸವೆಯುವ ಭಾಗವನ್ನು ಸವೆಯದ ಭಾಗಕ್ಕೆ ಬಿಡಿಸಲಾಗದಂತೆ ಅಂಟಿಸುವುದು ವಿನ್ಯಾಸಕಾರರ ನೈತಿಕ ಲೋಪವೆಂದೇ ಹೇಳಬೇಕು. ಪದೇ ಪದೇ ಹಾಕಿ ಅಳಿಸುವ ಆಟಗಳನ್ನು ಎಂ.2 ಎಸ್‌ಎಸ್‌ಡಿಗೆ ವಹಿಸಿದರೆ ಆ ಬರಹದ ಭಾರವು ಬದಲಿಸಬಹುದಾದ ಭಾಗದ ಮೇಲೆ ಬೀಳುತ್ತದೆ, ಇಡೀ ಯಂತ್ರದ ಆಯುಷ್ಯಕ್ಕೆ ಅದು ನೆರವಾಗುತ್ತದೆ. ಅಗತ್ಯವನ್ನು ಮೀರಿ, ಆಡದ ಆಟಗಳನ್ನು ತುಂಬಿಡುವ ಹಂಬಲದಿಂದ ಕೊಂಡರೆ ಅದೇ ಸಾಧನ ಪರಿಗ್ರಹವಾಗುತ್ತದೆ.

ಕನ್ನಡ ನಾಡಿನ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ರಚಿಸಿದ ತತ್ತ್ವಾರ್ಥಸೂತ್ರ ಎಂಬ ಜೈನ ಗ್ರಂಥವು ಪರಿಗ್ರಹದ ನೆಲೆಯನ್ನು ವಸ್ತುವಿನಲ್ಲಿ ಗುರುತಿಸದೆ, ವಸ್ತುವಿನ ಬಗೆಗಿನ ಮಮತೆಯ ಮೈಮರೆವಿನಲ್ಲಿ ಗುರುತಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಎಂಟು ಟೆರಾಬೈಟ್ ಇರುವವನು ಅಪರಿಗ್ರಹಿಯಾಗಿರಬಹುದು, ಅರ್ಧ ಟೆರಾಬೈಟನ್ನು ಸವೆತಕ್ಕೆ ಹೆದರಿ ಮುಟ್ಟದೆ ಇಟ್ಟವನು ಪರಿಗ್ರಹಿಯಾಗಿರಬಹುದು. ಬಳಕೆಯಿಂದ ಬರುವ ಸವೆತವು ವಸ್ತುವು ತನ್ನ ಕೆಲಸವನ್ನು ಮಾಡಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಮಾಲೀಕನಿಗಾದ ನಷ್ಟವಲ್ಲ.

ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದು: ಕ್ಷಯವನ್ನು ಒಪ್ಪಿಕೊಳ್ಳಬೇಕು, ಅರ್ಜನವನ್ನು ಅಗತ್ಯಕ್ಕೆ ಮಿತಗೊಳಿಸಬೇಕು, ರಕ್ಷಣವನ್ನು ಮತ್ತೆ ದೊರೆಯದಿರುವುದಕ್ಕೆ ಮೀಸಲಿಡಬೇಕು, ಸಂಗವನ್ನು ಸಡಿಲಿಸಬೇಕು, ಹಿಂಸೆಯನ್ನು ಕಡಿಮೆ ಮಾಡಬೇಕು. ಎಸ್‌ಎಸ್‌ಡಿಯುಳ್ಳವರು ಆಟಗಳನ್ನು ನಿಸ್ಸಂಕೋಚವಾಗಿ ಹಾಕಿ ಆಡಲಿ, ಸೇವ್‌ಗಳ ಇನ್ನೊಂದು ಪ್ರತಿಯನ್ನು ಇಂದೇ ತೆಗೆದಿಡಲಿ, ಸಾಧನದ ಆಯುಷ್ಯ ಮುಗಿದಾಗ ಅದನ್ನು ಮನೆಯ ಕಸಕ್ಕೆ ಸೇರಿಸದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಲಿ.