ಕಿರಿಯರ ಮಾತು, ಹಿರಿಯರ ಕಿವಿ

ನಾಲ್ಕು ಜನ ಕೂಡಿ ಮಾಡುವ ಕೆಲಸಕ್ಕೆ ಒಗ್ಗಟ್ಟು ಬೇಕೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಹಿರಿಯರು ಹೇಳಿದುದಕ್ಕೆಲ್ಲ ಉಳಿದವರು ತಲೆದೂಗುವುದೇ ಒಗ್ಗಟ್ಟೆ? ಹಿರಿಯರ ಕೈ ತಪ್ಪುತ್ತಿರುವುದನ್ನು ಕಿರಿಯನೊಬ್ಬನು ಕಂಡಾಗ, ಗೌರವದಿಂದ ಸುಮ್ಮನಿರುವುದು ಧರ್ಮವೋ, ಬಾಯಿಬಿಟ್ಟು ಹೇಳುವುದು ಧರ್ಮವೋ? ಓದುಗ ಬಂಧುಗಳು ಇದನ್ನು ಕಚೇರಿಯ ಸಣ್ಣಪುಟ್ಟ ವ್ಯವಹಾರವೆಂದು ತಳ್ಳಿಹಾಕಬಾರದು. ಕೆಲವೆಡೆ ಇದು ಜೀವದ ಪ್ರಶ್ನೆ.

ಬೆಂಗಳೂರಿನ ಜಯನಗರ 9ನೆಯ ಬ್ಲಾಕಿನಲ್ಲಿ, ಬನ್ನೇರುಘಟ್ಟ ರಸ್ತೆಯ ಮೇಲೆ, ಜಯದೇವ ಹೃದ್ರೋಗ ಸಂಸ್ಥೆಯಿದೆ. ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಆಸ್ಪತ್ರೆಯದು. ಇಂಥ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆಂಬುದನ್ನು ತುಸು ಮನಸ್ಸಿಗೆ ತಂದುಕೊಳ್ಳಿರಿ. ರೋಗಿಯ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸಲಾಗುತ್ತದೆ. ಕತ್ತರಿ ಹಿಡಿದವರು ಒಬ್ಬರು, ಅರಿವಳಿಕೆ ಕೊಟ್ಟು ಕಾಯುವವರು ಇನ್ನೊಬ್ಬರು, ಯಂತ್ರವನ್ನು ನಡೆಸುವವರು ಮತ್ತೊಬ್ಬರು. ಇವರ ನಡುವೆ ನಿಂತ ದಾದಿ ರಕ್ತ ಒರೆಸುವ ಬಟ್ಟೆಯ ತುಂಡುಗಳನ್ನು, ಸೂಜಿಗಳನ್ನು ಎಣಿಸುತ್ತಾಳೆ. ಎದೆಯನ್ನು ಮುಚ್ಚುವ ಮುನ್ನ ಲೆಕ್ಕ ಕೂಡಬೇಕು. ಒಂದು ತುಂಡು ಕಡಿಮೆಯಾದರೆ, ಹತ್ತಾರು ವರ್ಷಗಳ ಅನುಭವವುಳ್ಳ ಶಸ್ತ್ರವೈದ್ಯರಿಗೆ ಅವಳು ‘ನಿಲ್ಲಿಸಿ’ ಎನ್ನಬೇಕು. ಅಳುಕಿನಿಂದ ಸುಮ್ಮನಾದಳೋ, ಆ ಮೌನದ ಬೆಲೆಯನ್ನು ತೆರುವವನು ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿ.

ಶಸ್ತ್ರಚಿಕಿತ್ಸೆಯಲ್ಲಿ ಇಂಥ ತಪ್ಪುಗಳನ್ನು ತಡೆಯಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಒಂದು ಪುಟದ ಪಟ್ಟಿಯನ್ನು ಹೊರಡಿಸಿತು. ಚರ್ಮಕ್ಕೆ ಶಸ್ತ್ರ ತಾಗುವ ಮೊದಲು ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಹೊಣೆಯನ್ನೂ ಗಟ್ಟಿಯಾಗಿ ಹೇಳಬೇಕೆಂಬುದು ಅದರಲ್ಲೊಂದು ನಿಯಮ. ಒಮ್ಮೆ ಹೆಸರು ಹೇಳಲು ತೆರೆದ ಬಾಯಿ ಎಚ್ಚರಿಸಲು ಮತ್ತೊಮ್ಮೆ ತೆರೆಯುವುದು ಸುಲಭವಲ್ಲವೆ? ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಶಸ್ತ್ರಚಿಕಿತ್ಸೆಯ ನಂತರದ ಮರಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ಪ್ರಕಟವಾಯಿತು. ಆದರೆ ಕೆನಡಾದ ಆಂಟೇರಿಯೊ ಪ್ರಾಂತದ 101 ಆಸ್ಪತ್ರೆಗಳ ಲೆಕ್ಕವನ್ನು ನೋಡಿದ 2014ರ ಅಧ್ಯಯನಕ್ಕೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಒಂದು, ಕಿರಿಯರ ಮಾತಿಗೆ ಕೈಯನ್ನು ತಡೆಹಿಡಿಯುವುದು ಇನ್ನೊಂದು. ಕಾಗದಕ್ಕೆ ಧೈರ್ಯ ತುಂಬುವ ಶಕ್ತಿಯಿಲ್ಲ.

ಹಿರಿಯರಿಗೆ ಎದುರಾಡಬಾರದೆಂದು ಕಲಿತವರು ನಾವು. ಆ ಕಲಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎದುರಾಡುವುದಕ್ಕೂ ಎಚ್ಚರಿಸುವುದಕ್ಕೂ ಅಂತರವಿದೆ. ಎದುರಾಡುವವನಿಗೆ ತನ್ನ ಗೆಲುವು ಮುಖ್ಯ; ಎಚ್ಚರಿಸುವವನಿಗೆ ಕೆಲಸ ಕೆಡದಿರುವುದು ಮುಖ್ಯ. ಇವೆರಡನ್ನು ಒಂದೇ ಎಂದು ಬಗೆದ ಕಚೇರಿಗಳಲ್ಲಿ ತಪ್ಪು ಲೆಕ್ಕವು ಮೇಜಿನಿಂದ ಮೇಜಿಗೆ ಸಾಗಿ, ರುಜು ಪಡೆದು, ಕೊನೆಗೆ ಯಾರೋ ಬಡವನ ಪಿಂಚಣಿಯನ್ನು ತಡೆಯುತ್ತದೆ.

ಎಲ್ಲರೂ ಮಾತನಾಡಿದರೆ ತೀರ್ಮಾನಿಸುವವರು ಯಾರೆಂದು ನೀವು ಕೇಳಬಹುದು. ತೀರ್ಮಾನ ಹಿರಿಯರದೇ, ಕೇಳಿದ ಮೇಲೆ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಆರಂಭಿಸಿದ ಇನ್ಫೋಸಿಸ್ ಸಂಸ್ಥೆ 1983ರಲ್ಲಿ ಬೆಂಗಳೂರಿಗೆ ಬಂದಿತು. 1990ರಲ್ಲಿ ಅದನ್ನು 10 ಲಕ್ಷ ಡಾಲರಿಗೆ ಮಾರುವ ಮಾತು ಬಂದಾಗ, ಸ್ಥಾಪಕರಲ್ಲಿ ಐವರು ಸಣ್ಣ ಕಚೇರಿಯೊಂದರಲ್ಲಿ ಕುಳಿತರು. ಎನ್. ಆರ್. ನಾರಾಯಣಮೂರ್ತಿಯವರು 2007ರ ಭಾಷಣವೊಂದರಲ್ಲಿ ಹೇಳಿದಂತೆ, ಅವರು ಕಿರಿಯರಿಗೆ ಮೊದಲು ಮಾತನಾಡಲು ಬಿಟ್ಟರು, ಗಂಟೆಗಟ್ಟಲೆ ಕೇಳಿದರು. ಆಮೇಲೆಯೇ, ಉಳಿದವರು ಮಾರುವುದಾದರೆ ಅವರ ಪಾಲನ್ನು ತಾವೇ ಕೊಳ್ಳುವುದಾಗಿ ನುಡಿದರು, ಕೈಯಲ್ಲಿ ಹಣವಿಲ್ಲದಿದ್ದರೂ. ಉಳಿದವರು ಮನಸ್ಸು ಬದಲಿಸಿದರು. ಆ ಸಂಸ್ಥೆ ಮುಂದೆ ಗಳಿಸಿದ ಐಶ್ವರ್ಯ ನಮ್ಮ ವಿಚಾರಕ್ಕೆ ಸಂಬಂಧಿಸಿದ್ದಲ್ಲ. ಹಿರಿಯರೇ ಮೊದಲು ನುಡಿದಿದ್ದರೆ ಕಿರಿಯರ ಮನಸ್ಸಿನಲ್ಲಿದ್ದುದು ಹೊರಗೆ ಬರುತ್ತಿತ್ತೆ ಎಂಬುದಷ್ಟೇ ಇಲ್ಲಿ ವಿಚಾರಣೀಯ.

ಆದುದರಿಂದ ಹೊಣೆಯ ಭಾರ ಹೆಚ್ಚಾಗಿ ಹಿರಿಯರ ಮೇಲಿದೆಯೆಂದು ನನ್ನ ಅಭಿಪ್ರಾಯ. ಬಡ್ತಿ, ವರ್ಗಾವಣೆಗಳು ಯಾರ ಕೈಯಲ್ಲಿವೆಯೋ ಅವರ ಮುಂದೆ ದಿನವೂ ಧೈರ್ಯ ತೋರೆಂದು ಹೊಸ ಗುಮಾಸ್ತನಿಗೆ ಬೋಧಿಸುವುದು ನ್ಯಾಯವಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ನಾಲ್ಕು ಜನರ ಮೇಲೆ ಅಧಿಕಾರಿಯಾಗಿರುವ ಹಳೆಯ ವಿದ್ಯಾರ್ಥಿ ಮಿತ್ರರೇ, ನಿಮ್ಮ ಕೈಕೆಳಗಿನ ಕಿರಿಯರೊಬ್ಬರು ‘ಸಾರ್, ಇದು ಸರಿಯಿಲ್ಲ’ ಎಂದು ಕಡೆಯ ಬಾರಿ ಹೇಳಿದ್ದು ಯಾವಾಗ? ನೆನಪಿಗೆ ಬಾರದಿದ್ದರೆ, ನಾಳೆಯ ಸಭೆಯಲ್ಲಿ ಎಲ್ಲರಿಗಿಂತ ಕಿರಿಯರನ್ನು ಮೊದಲು ಕೇಳಿ ನೋಡಿರಿ.