ಕೇಳುವವನ ಅಮಾನತ್ತು

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಕೌದಳ್ಳಿ ಸಿಗುತ್ತದೆ. ಮಳೆಯನ್ನು ನಂಬಿದ ಹೊಲಗಳ ಈ ಸೀಮೆಯಿಂದ ಬೆಂಗಳೂರು, ತಿರುಪ್ಪೂರು, ಕೊಯಮತ್ತೂರು ಎಂದು ದುಡಿಮೆಗೆ ಹೊರಟವರು ಬಹಳ. ಅವರಲ್ಲೊಬ್ಬ ಯುವಕ ರಮಝಾನ್ ಹಬ್ಬಕ್ಕೆ ಊರಿಗೆ ಬಂದಿದ್ದಾಗ ನಮಗೆ ಸಿಕ್ಕಿದ. ಬೆಂಗಳೂರಿನ ಒಂದು ಕಂಪೆನಿಯ ಸಿಬ್ಬಂದಿ ವಿಭಾಗದಲ್ಲಿ ಅವನಿಗೆ ಕೆಲಸ. ಏನು ಕೆಲಸ ಎಂದು ಕೇಳಿದೆವು. "ಪ್ರಶ್ನೆ ಬರೆಯೋದು" ಎಂದ. ಪರೀಕ್ಷೆಯ ಪ್ರಶ್ನೆಯೇ ಎಂದು ಅವನ ತಾಯಿ ಕೇಳಿದರು. ಒಂದು ರೀತಿಯಲ್ಲಿ ಹೌದು ಎಂದು ನಕ್ಕ.

ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇರುತ್ತದೆ. ಅದರಲ್ಲಿ ನೌಕರರಿಗಾಗಿ ಪ್ರಶ್ನಾವಳಿ ತಯಾರಿಸಬೇಕು. ನಿಮ್ಮ ಮೇಲಧಿಕಾರಿ ನಿಮ್ಮನ್ನು ಗೌರವದಿಂದ ಕಾಣುತ್ತಾರೆಯೇ? ಇನ್ನೆರಡು ವರ್ಷ ಇಲ್ಲೇ ಇರಲು ಬಯಸುತ್ತೀರಾ? 'ಪೂರ್ಣ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಗುಂಡಿಗಳು. ಕೊನೆಯಲ್ಲಿ ಮನಬಿಚ್ಚಿ ಬರೆಯಲು ಒಂದು ಖಾಲಿ ಚೌಕ. ಎಲ್ಲಕ್ಕೂ ಮೇಲೆ ಒಂದು ಸಾಲು: ನಿಮ್ಮ ಉತ್ತರ ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಆ ಸಾಲನ್ನು ಬರೆದವನು ಇದೇ ಹುಡುಗ.

ಉತ್ತರಗಳು ಬಂದವು. ಒಂದು ಖಾಲಿ ಚೌಕದಲ್ಲಿ ಯಾರೋ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಮೇಲಧಿಕಾರಿಯ ಬಾಯಿಯ ಬಗ್ಗೆ ದೂರು. ವಾಕ್ಯದ ಕೊನೆಗೆ 'ಕನಾ' ಎಂದಿತ್ತು. ಆ ವಿಭಾಗದಲ್ಲಿ ನಮ್ಮ ಕಡೆಯ ಮಾತು ಆಡುವವರು ಒಬ್ಬರೇ. ಓದಿದ ಕ್ಷಣದಲ್ಲೇ ಇವನಿಗೆ ಮುಖ ಕಂಡಿತು. ಎರಡು ದಿನ ಬಿಟ್ಟು ಮೇಲಿನವರೊಬ್ಬರು ಚಹಾದ ಹೊತ್ತಿನಲ್ಲಿ, ಯಾರಪ್ಪ ಅದನ್ನು ಬರೆದವರು ಎಂದು ಹಗುರವಾಗಿ ಕೇಳಿದರು. ಗೊತ್ತಿಲ್ಲ ಎಂದ. ಒಂದು ಮಾತನ್ನು ಉಳಿಸಲು ಇನ್ನೊಂದು ಸುಳ್ಳು ಹೇಳಿದೆ ಎಂದು ನಮ್ಮೆದುರು ಒಪ್ಪಿಕೊಂಡ. ಆದರೆ ಅವನನ್ನು ಕೊರೆಯುತ್ತಿದ್ದುದು ಆ ಸುಳ್ಳಲ್ಲ, ಮೊದಲಿನ ಸಾಲು. "ಯಾರಿಗೂ ತಿಳಿಯೋದಿಲ್ಲ ಅಂತ ಬರೆದೆನಲ್ಲ, ನನಗೇ ತಿಳೀತಲ್ಲ. ಅದು ಸುಳ್ಳಾಯ್ತಾ?"

ಈ ಪ್ರಶ್ನೆ ಸಣ್ಣದೆಂದು ನಮಗೆ ಅನ್ನಿಸಲಿಲ್ಲ.

ಇಂಥ ಸಾಫ್ಟ್‌ವೇರ್‌ಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅನಾಮಧೇಯತೆ ಬೇರೆ, ಗೌಪ್ಯತೆ ಬೇರೆ. ಅನಾಮಧೇಯವೆಂದರೆ ಹೆಸರು ಎಲ್ಲಿಯೂ ದಾಖಲಾಗಿರುವುದಿಲ್ಲ. ಗೌಪ್ಯವೆಂದರೆ ಹೆಸರು ಯಂತ್ರಕ್ಕೆ ಗೊತ್ತಿದೆ, ತೋರಿಸುವುದಿಲ್ಲ ಅಷ್ಟೆ. ಎಷ್ಟೋ ಕಡೆ ನಡೆಯುವುದು ಎರಡನೆಯದು. ಒಬ್ಬೊಬ್ಬ ನೌಕರನಿಗೂ ಬೇರೆ ಬೇರೆ ಕೊಂಡಿ ಹೋಗುತ್ತದೆ. ಯಾರು ತುಂಬಿಸಿಲ್ಲವೆಂದು ತಿಳಿದು ನೆನಪೋಲೆ ಕಳುಹಿಸುವುದು ಇದರಿಂದಲೇ ಸಾಧ್ಯ. 'ಇನ್ನೂ ತಾವು ಉತ್ತರಿಸಿಲ್ಲ' ಎಂದು ನಿಮ್ಮ ಹೆಸರಿಗೇ ಪತ್ರ ಬಂದಾಗ, ಅನಾಮಧೇಯತೆಯ ಭರವಸೆಯ ಬೆಲೆ ಎಷ್ಟೆಂದು ತಾವೇ ಊಹಿಸಬಹುದು. ಐವರಿಗಿಂತ ಕಡಿಮೆ ಜನ ಉತ್ತರಿಸಿದ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸದಿರುವ ಏರ್ಪಾಡು ಅನೇಕ ಸಾಫ್ಟ್‌ವೇರ್‌ಗಳಲ್ಲಿ ಇದೆ. ಒಳ್ಳೆಯದೇ. ಆದರೆ ಅದು ಅಂಕಿಯನ್ನು ಮರೆಮಾಡುತ್ತದೆಯೇ ಹೊರತು 'ಕನಾ' ಎಂಬ ಮಾತನ್ನು ಮರೆಮಾಡಲಾರದು.

ಈ ಐದು ಗುಂಡಿಗಳ ಅಳತೆಗೋಲು ಹಳೆಯದು. ಅಮೆರಿಕದ ರೆನ್ಸಿಸ್ ಲೈಕರ್ಟ್ ಎಂಬ ವಿದ್ವಾಂಸ 1932ರಲ್ಲಿ ಅದನ್ನು ರೂಪಿಸಿದ. ಅದಕ್ಕೂ ಸ್ವಲ್ಪ ಮೊದಲು, 1928ರಿಂದ 1930ರವರೆಗೆ, ಶಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 21 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತನಾಡಿಸಿದ್ದರು. ಆರಂಭದಲ್ಲಿ ಸಂದರ್ಶಕರ ಕೈಯಲ್ಲಿ ಸಿದ್ಧ ಪ್ರಶ್ನೆಗಳ ಪಟ್ಟಿ ಇತ್ತು. ಕಾರ್ಮಿಕರು ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದರು. 1929ರ ನಡುವಿಗೆ ಕಂಪೆನಿ ಪಟ್ಟಿಯನ್ನು ಬದಿಗಿಟ್ಟು, ಅವರು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಳ್ಳಿರೆಂದು ಸಂದರ್ಶಕರಿಗೆ ಸೂಚಿಸಿತು. ಕಂಪೆನಿಗೆ ಕಾರ್ಮಿಕರ ಮೇಲೆ ಮಮತೆ ಉಕ್ಕಿ ಹೀಗೆ ಮಾಡಿತೆಂದು ನಾವು ಹೇಳುತ್ತಿಲ್ಲ. ಆದರೂ ಪಟ್ಟಿಗಿಂತ ಕಿವಿ ದೊಡ್ಡದೆಂಬುದು ಅಂದೇ ಅದರ ಅನುಭವಕ್ಕೆ ಬಂದಿತ್ತು.

ಆಮೇಲಿನ ಕಾಲಕ್ಕೆ ಪಟ್ಟಿಯೇ ಗೆದ್ದಿತು. ಕಿವಿಗೆ ಸಂಬಳ ಕೊಡಬೇಕು, ಪಟ್ಟಿಗೆ ಒಮ್ಮೆ ದುಡ್ಡು ಕೊಟ್ಟರೆ ಸಾಕು.

ಇನ್ನೊಂದು ಬಗೆಯ ನಮೂನೆಯನ್ನೂ ಈ ಯುವಕ ತಯಾರಿಸುತ್ತಾನೆ. ಅದು ವರ್ಷಕ್ಕೊಮ್ಮೆ ನೌಕರ ತನ್ನ ಬಗ್ಗೆ ತಾನೇ ತುಂಬುವ ಆತ್ಮಮೌಲ್ಯಮಾಪನದ ಹಾಳೆ. ಈ ವರ್ಷ ನೀವು ಎಲ್ಲಿ ಎಡವಿದಿರಿ? ನಿಮ್ಮ ದೌರ್ಬಲ್ಯಗಳೇನು? ಮುಸ್ಲಿಮ್ ಮನಸ್ಸಿಗೆ ಇದು ಅಪರಿಚಿತವಲ್ಲ. ನಮ್ಮಲ್ಲಿ ಇದನ್ನು ಮುಹಾಸಬಾ ಎನ್ನುತ್ತಾರೆ, ತನ್ನ ಲೆಕ್ಕ ತಾನೇ ನೋಡಿಕೊಳ್ಳುವುದು. ಬಸ್ರಾದಲ್ಲಿ ಹುಟ್ಟಿ 857ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಹಾರಿಸ್ ಅಲ್ ಮುಹಾಸಿಬಿ ಎಂಬ ಸಂತರಿಗೆ ಆ ಹೆಸರು ಬಂದದ್ದೇ ಈ ಅಭ್ಯಾಸದಿಂದ. ಇಮಾಮ್ ಗಝ್ಝಾಲಿಯವರ 'ಇಹ್ಯಾ'ದಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಆದರೆ ಮುಹಾಸಬಾ ಮಾಡುವವನು ರಾತ್ರಿಯ ಹೊತ್ತು ಅಲ್ಲಾಹನೆದುರು ಕುಳಿತಿರುತ್ತಾನೆ. ಅವನು ಹೇಳುವ ಮೊದಲೇ ಅಲ್ಲಾಹನು ಎಲ್ಲವನ್ನೂ ಬಲ್ಲ, ಕ್ಷಮಿಸಲೂ ಬಲ್ಲ. ಕಂಪೆನಿಯ ಹಾಳೆ ತುಂಬುವವನು ತನ್ನ ಸಂಬಳ ನಿರ್ಧರಿಸುವವನ ಮುಂದೆ ಕುಳಿತಿದ್ದಾನೆ. ಇಲ್ಲಿ ಒಪ್ಪಿಕೊಂಡ ತಪ್ಪಿಗೆ ಕ್ಷಮೆಯಿಲ್ಲ, ಅಂಕವಿದೆ. ಆದ್ದರಿಂದ ಬುದ್ಧಿವಂತರು ದೌರ್ಬಲ್ಯದ ಜಾಗದಲ್ಲಿ 'ಅತಿಯಾಗಿ ದುಡಿಯುತ್ತೇನೆ' ಎಂದು ಬರೆಯುವುದನ್ನು ಕಲಿತಿದ್ದಾರೆ. ಪ್ರಾಮಾಣಿಕರು ಪೆಟ್ಟು ತಿನ್ನುತ್ತಾರೆ. ಆತ್ಮಶೋಧನೆಯ ಮಾತನ್ನು ಎರವಲು ತಂದು ಅದರಿಂದ ಜನರಿಗೆ ನಟನೆ ಕಲಿಸುವುದು ನಮಗೆ ಈ ಇಡೀ ವ್ಯವಹಾರದಲ್ಲೇ ಹೆಚ್ಚು ನೋವಿನ ಸಂಗತಿಯಾಗಿ ತೋರುತ್ತದೆ.

ಅಂಕ ಹಂಚುವ ರೀತಿಯೂ ವಿಚಿತ್ರ. ಇಷ್ಟು ಜನ ಶ್ರೇಷ್ಠರು, ಇಷ್ಟು ಜನ ಮಧ್ಯಮರು, ಇಷ್ಟು ಜನ ಕಳಪೆ ಎಂದು ಮೊದಲೇ ಪಾಲು ಗೊತ್ತುಮಾಡಿ, ಆಮೇಲೆ ಮನುಷ್ಯರನ್ನು ತಂದು ಅದರೊಳಗೆ ಕೂರಿಸುವ ಕ್ರಮವೊಂದು ದೊಡ್ಡ ಕಂಪೆನಿಗಳಲ್ಲಿ ಬಹುಕಾಲ ನಡೆಯಿತು. ಅದನ್ನು ಜನಪ್ರಿಯಗೊಳಿಸಿದವರು ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್. ಮೈಕ್ರೋಸಾಫ್ಟ್ 2013ರಲ್ಲಿ ಅದನ್ನು ಕೈಬಿಟ್ಟಿತು. ಕುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಳತೆಯಲ್ಲಿ ಮೋಸ ಮಾಡುವವರನ್ನು ಕುರಿತದ್ದು. ತಾವು ಪಡೆಯುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ಅಳೆಯುವವರನ್ನು ಅದು ಎಚ್ಚರಿಸುತ್ತದೆ. ನಾವು ಅದನ್ನು ಓದುವಾಗ ಸಂತೆಯ ತಕ್ಕಡಿ ಮಾತ್ರ ನೆನಪಿಗೆ ಬರುತ್ತದೆ. ತೂಗುವ ಮೊದಲೇ ತೂಕ ಬರೆದಿಟ್ಟ ತಕ್ಕಡಿಯೂ ಅದರೊಳಗೆ ಸೇರಬೇಕು.

ಹಾಗೆಂದು ಪ್ರಶ್ನಾವಳಿಗಳನ್ನೆಲ್ಲ ಸುಟ್ಟುಬಿಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಧಣಿಯ ಮನಸ್ಸೇ ಕಾನೂನಾಗಿದ್ದ ಕಡೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಎಂಬುದು ಸಣ್ಣ ರಕ್ಷಣೆಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪೆನಿಗಳಿಗೆ ಕಳುಹಿಸಿದಾಗ, ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮತ್ತು ಅದಕ್ಕಿಂತಲೂ ಹೆಚ್ಚಾಗಿ ಮುಸ್ಲಿಮ್ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಹೆಸರು ನೋಡಿ ಮುಖ ತಿರುಗಿಸುವ ಕಣ್ಣಿಗಿಂತ ಹೆಸರು ಕೇಳದ ನಮೂನೆ ಮೇಲು. ಹಗಲಿನಲ್ಲಿ ಹೇಳಲಾಗದ ಕಿರುಕುಳವನ್ನು ಹೆಣ್ಣುಮಗಳೊಬ್ಬಳು ಮೊದಲ ಬಾರಿ ಹೇಳಿಕೊಂಡದ್ದು ಆ ಖಾಲಿ ಚೌಕದಲ್ಲೇ ಇರಬಹುದು. ಆದ್ದರಿಂದಲೇ ಅದರ ಮೇಲಿನ ಆ ಒಂದು ಸಾಲು ಅಷ್ಟು ಭಾರ.

ಕೌದಳ್ಳಿಯ ರಸ್ತೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಬೆಟ್ಟಕ್ಕೆ ನಡೆದುಹೋಗುವ ಪರಸೆಯನ್ನು ನೋಡದೆ, ಕಂಸಾಳೆ ಕೇಳದೆ ಬೆಳೆಯುವುದು ಕಷ್ಟ. ಸಂಕಮ್ಮನ ಕತೆ ಆ ಯುವಕನಿಗೂ ಗೊತ್ತಿತ್ತು. ಸೋಲಿಗರ ನೀಲೇಗೌಡ ಜೇನಿಗೆ ಕಾಡಿಗೆ ಹೊರಡುವ ಮೊದಲು, ನಿಷ್ಠಳಾಗಿರುತ್ತೇನೆಂದು ಕೈಮುಟ್ಟಿ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆಯನ್ನೆಲ್ಲ ತಾಳಿಕೊಳ್ಳುತ್ತಾಳೆ, ಭಾಷೆ ಮಾತ್ರ ಕೊಡುವುದಿಲ್ಲ. ಅವಳಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಅನುಮಾನದಿಂದ ಹುಟ್ಟಿದ ಪ್ರಶ್ನೆಗೆ ಉತ್ತರಿಸಿದರೆ ಅನುಮಾನವನ್ನು ಒಪ್ಪಿದಂತೆ. ಕುರ್‌ಆನಿನ 49ನೇ ಅಧ್ಯಾಯವೂ ಅನುಮಾನ ಮತ್ತು ಗೂಢಚರ್ಯೆಗಳನ್ನು ಒಂದೇ ಉಸಿರಿನಲ್ಲಿ ತಡೆಯುತ್ತದೆ. ನೀನು ಕಂಪೆನಿಗೆ ನಿಷ್ಠನಾಗಿದ್ದೀಯಾ ಎಂದು ಆರು ತಿಂಗಳಿಗೊಮ್ಮೆ ಗುಂಡಿ ಒತ್ತಿಸುವವರು ಈ ಕತೆಯನ್ನು ಒಮ್ಮೆ ಕೇಳಬೇಕು.

ಉತ್ತರಿಸದೇ ಇರುವ ಹಕ್ಕನ್ನು ನಾವು ಹಗುರವಾಗಿ ಕಾಣುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳೊಂದಿಗೆ ಮನೆಮನೆ ಸಮೀಕ್ಷೆ ಆರಂಭಿಸಿದಾಗ, ಭಾಗವಹಿಸುವುದು ಕಡ್ಡಾಯವಲ್ಲ, ಮಾಹಿತಿ ಗೌಪ್ಯವಾಗಿರಬೇಕು ಎಂದು ಹೈಕೋರ್ಟ್ ಸ್ಪಷ್ಟಪಡಿಸಬೇಕಾಯಿತು. ಸರಕಾರಕ್ಕೆ ಹಾಗೆ ಹೇಳಲು ಒಂದು ಕೋರ್ಟಿದೆ. ಕಂಪೆನಿಯ ಸಮೀಕ್ಷೆಯೂ ಕಾಗದದ ಮೇಲೆ ಐಚ್ಛಿಕವೇ. ಆದರೆ ನೂರಕ್ಕೆ ತೊಂಬತ್ತು ಜನ ಉತ್ತರಿಸಬೇಕೆಂದು ವ್ಯವಸ್ಥಾಪಕನಿಗೆ ಗುರಿ ಕೊಟ್ಟ ಮೇಲೆ ಯಾರ ಇಚ್ಛೆ ಅದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಉದ್ಯೋಗದ ಉದ್ದೇಶಗಳಿಗೆ ನೌಕರನ ಸಮ್ಮತಿಯಿಲ್ಲದೆ ಮಾಹಿತಿ ಬಳಸಲು ಅವಕಾಶ ಇಟ್ಟಿದೆ.

ಪ್ರಶ್ನೆ ಯಾರನ್ನು ತಲುಪುತ್ತದೆ ಎಂಬುದೂ ಇದೆ. ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಗಾಜು ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದುಡಿದ ಗಂಟೆಗಳ ಲೆಕ್ಕ ಸರಿಯಾಗಿ ನಿರ್ವಹಣೆಯಾಗದೆ ಕೆಲವರಿಗೆ ಅಕ್ಟೋಬರ್, ನವೆಂಬರ್ ತಿಂಗಳ ವೇತನ ತಡವಾಗಿತ್ತೆಂದು ಅವರಿಂದ ಫೋನು ಮಾಡಿಸುತ್ತಿದ್ದ ಆಪಲ್ ಕಂಪೆನಿಯೇ ಆಮೇಲೆ ಒಪ್ಪಿತು. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು. ಗುತ್ತಿಗೆಯವನಿಗೆ ಸಾಮಾನ್ಯವಾಗಿ ಕಂಪೆನಿಯ ಇಮೇಲ್ ಇರುವುದಿಲ್ಲ, ಐದು ಗುಂಡಿಗಳೂ ಬರುವುದಿಲ್ಲ. ನಮ್ಮ ಯುವಕನ ಕಚೇರಿಯಲ್ಲೂ ಹಾಗೆಯೇ. ಕಸ ಗುಡಿಸುವವರು, ಕಾವಲಿನವರು ಅವನ ಪಟ್ಟಿಯಲ್ಲಿ ಇಲ್ಲ. ಖಲೀಫ ಉಮರ್ (ರ) ಹಜ್ಜಿನ ಕಾಲದಲ್ಲಿ ತಮ್ಮ ಪ್ರಾಂತಾಧಿಕಾರಿಗಳನ್ನು ಕರೆಸಿ, ಅವರ ಮೇಲಿನ ದೂರುಗಳನ್ನು ಜನರಿಂದಲೇ ಕೇಳುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಅಲ್ಲಿ ದೂರುವವನು ಅಡಗಿಕೊಳ್ಳಬೇಕಾಗಿರಲಿಲ್ಲ, ಉತ್ತರ ಹೇಳಬೇಕಾದವನು ಅಧಿಕಾರಿ. ನಮ್ಮ ಸಾಫ್ಟ್‌ವೇರ್‌ಗಳಲ್ಲಿ ಇದು ತಿರುವುಮುರುವು.

ನಿನ್ನ ಸಾಲು ಸುಳ್ಳೇ ಎಂದು ಅವನಿಗೆ ಹೇಳಿದೆವು. ಉದ್ದೇಶಪೂರ್ವಕ ಸುಳ್ಳಲ್ಲ. ತಾನು ಕಾಪಾಡಲಾಗದ ಅಮಾನತ್ತನ್ನು ಕಾಪಾಡುತ್ತೇನೆಂದು ಪಡೆದುಕೊಂಡದ್ದು. ಹೆಸರು ಹೇಳದೆ ಇದ್ದದ್ದು ಆ ಅಮಾನತ್ತಿನಲ್ಲಿ ಉಳಿದಿದ್ದ ಭಾಗ, ಅದನ್ನು ಅವನು ಉಳಿಸಿದ್ದಾನೆ. ಅವನು ಹೆಚ್ಚೇನೂ ಮಾತಾಡಲಿಲ್ಲ.

ಬಕ್ರೀದಿಗೆ ಮತ್ತೆ ಬಂದಿದ್ದ. ಹೊಸ ಪ್ರಶ್ನಾವಳಿಯ ಮೇಲಿನ ಸಾಲನ್ನು ಬದಲಿಸಿದ್ದನಂತೆ. ಅಂಕಿಗಳನ್ನು ಗುಂಪಾಗಿ ಮಾತ್ರ ತೋರಿಸಲಾಗುತ್ತದೆ, ಆದರೆ ನೀವು ಬರೆದ ಮಾತುಗಳನ್ನು ಸಿಬ್ಬಂದಿ ವಿಭಾಗದ ಇಬ್ಬರು ಓದುತ್ತಾರೆ, ಬರಹದಿಂದ ನಿಮ್ಮ ಗುರುತು ಹತ್ತಬಹುದು, ನೋಡಿ ಬರೆಯಿರಿ. ಈ ಸಲ ಖಾಲಿ ಚೌಕಗಳು ಹೆಚ್ಚಾಗಿ ಖಾಲಿಯೇ ಉಳಿದವು. ಕಾರಣವೇನೆಂದು ಮೇಲಿನವರು ಅವನಿಂದ ಬರವಣಿಗೆಯಲ್ಲಿ ವಿವರಣೆ ಕೇಳಿದ್ದಾರೆ. 'ಕನಾ' ಎಂದು ಬರೆದಿದ್ದ ಹುಡುಗ ಮಾತ್ರ ಊಟದ ಹೊತ್ತಿನಲ್ಲಿ ಇವನ ಪಕ್ಕ ಬಂದು ಕೂತು, ಅರ್ಧ ಗಂಟೆ ಮಾತಾಡಿ ಹೋದನಂತೆ.