ಎಂಟು ವರ್ಷದವನ ಮಾತು

ಕಾನೂನಿನ ಕಣ್ಣಿಗೆ ಎಂಟು ವರ್ಷದ ಹುಡುಗ ಕೊಟ್ಟ ಮಾತು ಮಾತೇ ಅಲ್ಲ. 1872ರ ಭಾರತೀಯ ಕರಾರು ಕಾಯಿದೆ ಪ್ರಾಪ್ತ ವಯಸ್ಕರಿಗೆ ಮಾತ್ರ ಕರಾರಿನ ಅರ್ಹತೆ ಕೊಟ್ಟಿದೆ. ಅಪ್ರಾಪ್ತನೊಬ್ಬ ಲೇವಾದೇವಿಗಾರನಿಗೆ ಬರೆದುಕೊಟ್ಟ ಅಡಮಾನ ಪತ್ರ ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

ಕುಡುಮಲಕುಂಟೆಯಲ್ಲಿರುವ ನನ್ನ ಅಕ್ಕನ ಮಗ ಮಾತ್ರ ಈ ವರ್ಷ ಸ್ಕೌಟ್ಸ್‌ನ ಕಬ್ ದಳಕ್ಕೆ ಸೇರಿ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು, ದೊಡ್ಡದೊಂದು ಮಾತು ಕೊಟ್ಟು ಬಂದಿದ್ದಾನೆ. ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯವನ್ನು ಕೈಲಾದಷ್ಟು ಮಾಡುತ್ತಾನಂತೆ, ಕಬ್ ನಿಯಮ ಪಾಲಿಸುತ್ತಾನಂತೆ, ದಿನಕ್ಕೊಂದು ಒಳ್ಳೆಯ ಕೆಲಸ ಮಾಡುತ್ತಾನಂತೆ. ಅಂಗಡಿಗೆ ನೂರು ರೂಪಾಯಿ ಕೊಟ್ಟು ಕಳಿಸಲು ಹಿಂದೆಮುಂದೆ ನೋಡುವ ನಾವು ದೇವರು, ದೇಶ ಎರಡನ್ನೂ ಅವನ ಹೆಗಲಿಗೇರಿಸಿದ್ದೇವೆ. ಇದು ನ್ಯಾಯವೇ?

ಅದೆಲ್ಲ ಬರೀ ಬಾಯಿಪಾಠ, ತಲೆ ಕೆಡಿಸಿಕೊಳ್ಳಬೇಡ ಎಂದು ಅಕ್ಕ ಅಂದಳು. ಆದರೆ ಹುಡುಗ ಹಾಗೆ ತಿಳಿದಿಲ್ಲ. 'ಅಜ್ಜಿಗೆ ದಿನಾ ನೀರು ಕೊಡ್ತೀನಲ್ಲ, ಅದು ಲೆಕ್ಕಕ್ಕೆ ಬರುತ್ತಾ, ಬೇರೆ ಏನಾದ್ರೂ ಮಾಡ್ಬೇಕಾ?' ಎಂದು ನನ್ನನ್ನು ಕೇಳಿದ. ರೂಢಿಯಿಂದ ಮಾಡಿದ್ದಕ್ಕೆ ನೈತಿಕ ಬೆಲೆಯಿದೆಯೇ ಎಂದು ಕಾಂಟ್‌ನನ್ನು ಓದುತ್ತಾ ನಾನು ಕೇಳಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. (ಅವನ ವಾಕ್ಯ ಚಿಕ್ಕದು, ಅಷ್ಟೇ.)

ಆ ಪ್ರತಿಜ್ಞೆಯಲ್ಲಿ ನನಗೆ ಮೆಚ್ಚುಗೆಯಾಗಿದ್ದು 'ಕೈಲಾದಷ್ಟು' ಎಂಬ ಪದ. ಪುಣ್ಯಕೋಟಿಯ ಮಾತಿಗೆ ಈ ರಿಯಾಯಿತಿ ಇರಲಿಲ್ಲ. ಹುಲಿಯ ಮುಂದೆ ಹೋಗಿ ನಿಲ್ಲಲೇಬೇಕಿತ್ತು. ಅಲ್ಲಿ ಮಾತು ಕೊಟ್ಟವಳು ತಾಯಿ. ಕರುವನ್ನು ಯಾರೂ ಮಾತು ಕೊಡು ಎಂದು ಕೇಳಲಿಲ್ಲ. ಕಬ್‌ನ ಮಾತು ಫಲವನ್ನಲ್ಲ, ಪ್ರಯತ್ನವನ್ನು ಕೇಳುತ್ತದೆ. ಎಷ್ಟು ಪ್ರಯತ್ನಿಸಿದೆ ಎಂಬುದು ಅವನೊಬ್ಬನಿಗೇ ಗೊತ್ತು, ಹಾಗಾಗಿ ನ್ಯಾಯಾಧೀಶನೂ ಅವನೇ.

ಮೆಚ್ಚುಗೆಯಾಗದ್ದೂ ಇದೆ. ಬೇಡನ್ ಪೊವೆಲ್ 1916ರಲ್ಲಿ ಈ ವಿಭಾಗ ಕಟ್ಟಿದಾಗ ಕಿಪ್ಲಿಂಗನ 'ಜಂಗಲ್ ಬುಕ್'ನಿಂದ ಅಕೇಲ ಎಂಬ ತೋಳವನ್ನು ತಂದು ನಾಯಕನ ಜಾಗದಲ್ಲಿ ನಿಲ್ಲಿಸಿದ. ಮರಿ ಮುದಿ ತೋಳಕ್ಕೆ ಮಣಿಯಬೇಕು ಎಂಬುದು ಅಂದಿನ ನಿಯಮ. ಇಂದು ನಮ್ಮಲ್ಲಿ ಅದು ಹಿರಿಯರನ್ನು ಗೌರವಿಸು ಎಂದಾಗಿದೆ, ಒಳ್ಳೆಯದೇ. ಆದರೆ ದೊಡ್ಡವರ ಬಾಯಲ್ಲಿ ಗೌರವ ಎಂಬುದು ಬೇಗ ಮಣಿಯುವುದಾಗಿಬಿಡುತ್ತದೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲೇ ಹುಟ್ಟಿದ ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪೂಜ್ಯರೆನಿಸಿಕೊಂಡವರನ್ನೂ ಪ್ರಶ್ನಿಸಬಹುದು ಎಂಬುದು ಅವರ ನಿಲುವು. ಸ್ಕೌಟ್ ಪ್ರತಿಜ್ಞೆಯಲ್ಲೂ 'ದೇವರು' ಎಂಬ ಕಡೆ ಬೇಕಾದವರು 'ಧರ್ಮ' ಎನ್ನಬಹುದೆಂಬ ಅವಕಾಶವಿದೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಆಯ್ಕೆ ಇದೆಯೆಂದು ಗೊತ್ತಿಲ್ಲದೆ ಕೊಟ್ಟ ಮಾತು ನಿಜಕ್ಕೂ ಬಾಯಿಪಾಠವೇ.

ಇಷ್ಟಾದರೂ ಅವನು ಸೇರಿದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಕಾನೂನು ಹುಡುಗನ ಮಾತನ್ನು ಶೂನ್ಯ ಎನ್ನುವುದು ಅವನನ್ನು ಕಡೆಗಣಿಸಲು ಅಲ್ಲ. ಆ ಮಾತನ್ನು ಹಿಡಿದು ಅವನನ್ನು ಹಿಂಡುವವರಿಂದ ಕಾಪಾಡಲು. ಹಾಗಾದರೆ ನೋಡಬೇಕಾದ್ದು ಮಾತು ಕೊಟ್ಟವನ ವಯಸ್ಸನ್ನಷ್ಟೇ ಅಲ್ಲ, ಪಡೆದವರು ಅದನ್ನು ಏನು ಮಾಡುತ್ತಾರೆ ಎಂಬುದನ್ನೂ. 'ಪ್ರತಿಜ್ಞೆ ಮಾಡಿದ್ದೀಯಲ್ಲ, ಮರೆತೆಯಾ?' ಎಂದು ಅವನನ್ನು ಸುಮ್ಮನೆ ಕೂರಿಸಲು ಹೊರಟ ಗಳಿಗೆಯಲ್ಲಿ ನಾವೇ ಆ ಲೇವಾದೇವಿಗಾರರು. ಮನೆಯಲ್ಲಿ ಈ ಮಾತು ಆಗಲೇ ಎರಡು ಸಲ ಕೇಳಿಬಂದಿದೆ, ಒಮ್ಮೆ ಹೋಂವರ್ಕ್‌ಗೆ, ಇನ್ನೊಮ್ಮೆ ಹಾಗಲಕಾಯಿ ಪಲ್ಯಕ್ಕೆ.